ಹೊಕ್ಕುಳಬಳ್ಳಿ ಕೊಯ್ದವರು ಯಾರು?

ಮಿಶನ್ ಆಸ್ಪತ್ರೆ ಅಂದ ಕೂಡಲೆ ನಮ್ಮಲ್ಲಿ ಎರಡು ಥರದ ಮಾತು ಹೊರಡುತ್ತವೆ. ಮಡಿವಂತರದು ಒಂದು: ‘ಮಾತ್ರೆ ಕೊಟ್ಟು ಜಾತಿ ಕೆಡಿಸಿದರು.’ ಇಗರ್ಜಿಯವರದು ಇನ್ನೊಂದು: ‘ಕಡಲಾಚೆಯಿಂದ ಪುಣ್ಯವಂತೆಯರು ಬಂದು ಉದ್ಧಾರ ಮಾಡಿದರು.’ ಎರಡು ಕತೆಯಲ್ಲೂ ಕೇರಿಯ ಹೆಂಗಸಿಗೆ ಇರುವುದು ಒಂದೇ ಪಾತ್ರ, ಕೈಯೊಡ್ಡಿ ನಿಲ್ಲುವುದು. ಆ ಕೈಗಳು ಅಲ್ಲಿಯವರೆಗೆ ಏನು ಕೆಲಸ ಮಾಡುತ್ತಿದ್ದವು ಎಂದು ಇಬ್ಬರೂ ಕೇಳುವುದಿಲ್ಲ.

ಗುಂಟೂರಿನ ಸೇಂಟ್ ಜೋಸೆಫ್ ಆಸ್ಪತ್ರೆಯನ್ನೇ ತೆಗೆದುಕೊಳ್ಳಿ. ಅದು ಜೀಸಸ್ ಮೇರಿ ಜೋಸೆಫ್ ಸಭೆಯ ಸಿಸ್ಟರುಗಳು ಕಟ್ಟಿದ್ದು. ಅದರ ಚರಿತ್ರೆಯಲ್ಲಿ ದೊಡ್ಡ ಹೆಸರು ಮೇರಿ ಗ್ಲೌರಿ ಅವರದು. 1887ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹುಟ್ಟಿದವರು, 1910ರಲ್ಲಿ ಮೆಲ್ಬರ್ನಿನಲ್ಲಿ ವೈದ್ಯ ಪದವಿ ಪಡೆದವರು. ಭಾರತದ ಹೆಂಗಸರ, ಹಸುಗೂಸುಗಳ ಸಾವಿನ ಬಗ್ಗೆ ಬರೆದ ಒಂದು ಸಣ್ಣ ಹೊತ್ತಿಗೆ 1915ರಲ್ಲಿ ಅವರ ಕೈಗೆ ಬಂತು. 1920ರಲ್ಲಿ ಗುಂಟೂರಿಗೆ ಬಂದು ಸಿಸ್ಟರ್ ಆದರು. ಸಣ್ಣದೊಂದು ಔಷಧಾಲಯ ದೊಡ್ಡ ಆಸ್ಪತ್ರೆಯಾಯಿತು. 1943ರಲ್ಲಿ ಕ್ಯಾಥೊಲಿಕ್ ಆಸ್ಪತ್ರೆಗಳ ಸಂಘವನ್ನು ಕಟ್ಟಿದವರೂ ಅವರೇ. 1957ರಲ್ಲಿ ನಮ್ಮ ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ಒಂದು ವಿಷಯ ಗಮನಿಸಿ. ಡಾಕ್ಟರ್ ಆಗಿದ್ದ ಈ ಹೆಂಗಸು ಸಿಸ್ಟರ್ ಆದ ಮೇಲೂ ವೈದ್ಯ ಮಾಡಲು ಪೋಪರ ವಿಶೇಷ ಅಪ್ಪಣೆ ಬೇಕಾಯಿತು. ಯಾಕೆ? ಸನ್ಯಾಸ ಹಿಡಿದವರು ವೈದ್ಯ ಮಾಡಕೂಡದು ಎಂಬ ಕಟ್ಟು ರೋಮಿನ ಕಾನೂನಿನಲ್ಲಿತ್ತು. ಅದರಲ್ಲೂ ಹೆರಿಗೆಯ ಕೆಲಸ ವ್ರತ ಹಿಡಿದ ಕನ್ಯೆಗೆ ಸಲ್ಲದ್ದು! ಸಾಯುವವಳ ತಲೆದೆಸೆಯಲ್ಲಿ ಕೂತು ಜಪ ಮಾಡಬಹುದು; ಹೆರುವವಳ ಕಾಲದೆಸೆಯಲ್ಲಿ ಕೂರಬಾರದು. ಇದು ಮಡಿಯಲ್ಲದೆ ಮತ್ತೇನು ಸ್ವಾಮಿ? ನಮ್ಮ ಅಗ್ರಹಾರದಲ್ಲಿ ಇದ್ದದ್ದೇ ರೋಮಿನಲ್ಲೂ ಇತ್ತು, ಬಟ್ಟೆ ಬೇರೆ ಅಷ್ಟೆ.

ಆ ಕಟ್ಟನ್ನು ಮುರಿದವರು ಹೆಂಗಸರು. ರಾವಲ್ಪಿಂಡಿಯಲ್ಲಿ ಪರದೆಯೊಳಗಿನ ಹೆಂಗಸರು ಗಂಡು ಡಾಕ್ಟರಿಗೆ ಮೈ ತೋರಿಸಲಾಗದೆ ಸಾಯುತ್ತಿದ್ದರು. ಅಲ್ಲಿ ಆಸ್ಪತ್ರೆ ತೆರೆಸಿದ ಸ್ಕಾಟ್ಲೆಂಡಿನ ಡಾಕ್ಟರ್ ಆಗ್ನೆಸ್ ಮೆಕ್ಲಾರೆನ್ ರೋಮಿನ ಬಾಗಿಲು ತಟ್ಟಿ ತಟ್ಟಿ 1913ರಲ್ಲಿ ಸತ್ತರು. ಅವರ ಹಾದಿ ಹಿಡಿದ ಆಸ್ಟ್ರಿಯಾದ ಅನ್ನಾ ಡೆಂಗೆಲ್ 1925ರಲ್ಲಿ ವೈದ್ಯ ಮಾಡುವ ಸಿಸ್ಟರುಗಳದೇ ಒಂದು ಸಂಘ ಕಟ್ಟಿದರು. ಕೊನೆಗೆ 1936ರಲ್ಲಿ ರೋಮು ಒಪ್ಪಿತು: ಸಿಸ್ಟರುಗಳು ಹೆರಿಗೆ ಮಾಡಿಸಬಹುದು. ಹೋರಾಡಿ ಗಳಿಸಿದ ಹಕ್ಕು ಇದು, ಯಾರೂ ದಾನ ಕೊಟ್ಟದ್ದಲ್ಲ. ಅದಕ್ಕಾಗಿ ಆ ಹೆಂಗಸರಿಗೆ ನಾವು ಕೈ ಮುಗಿಯೋಣ.

ಆದರೆ ಅಪ್ಪಣೆಗಾಗಿ ರೋಮಿನಲ್ಲಿ ಕಾಗದ ಓಡಾಡುತ್ತಿದ್ದಾಗ ನಮ್ಮ ಹಳ್ಳಿಗಳಲ್ಲಿ ಕೂಸು ಹುಟ್ಟುವುದು ನಿಂತಿತ್ತೇನು? ಯಾರು ಹಿಡಿದುಕೊಂಡರು ಆ ಕೂಸುಗಳನ್ನು?

ಸೂಲಗಿತ್ತಿ ಕಣ್ರಿ, ಸೂಲಗಿತ್ತಿ! ಉತ್ತರದ ಕಡೆ ಹೊಕ್ಕುಳಬಳ್ಳಿ ಕೊಯ್ಯುವುದು ಚಮ್ಮಾರ ಹೆಂಗಸಿನ ಜಾತಿಕಸುಬು. ನಮ್ಮ ಕಡೆಯೂ ಎಷ್ಟೋ ಊರುಗಳಲ್ಲಿ ಅವಳು ಕೇರಿಯವಳೇ. ಹಗಲು ಅವಳ ನೆರಳು ಸೋಕಿದರೆ ಮೈಲಿಗೆ. ರಾತ್ರಿ ಸೊಸೆಗೆ ನೋವು ಕಾಣಿಸಿಕೊಂಡರೆ ‘ಬೇಗ ಬಾರವ್ವ’. ಕೂಸು ಅತ್ತ ಮರುಗಳಿಗೆಗೆ ಮತ್ತೆ ಮೈಲಿಗೆ. ಅವಳಿಗೆ ಸಿಕ್ಕುತ್ತಿದ್ದುದೇನು? ಒಂದು ಮೊರ ರಾಗಿ, ಒಂದು ಹಳೆ ಸೀರೆ. ಅದೂ ಗಂಡು ಹುಟ್ಟಿದರೆ ತುಂಬಿದ ಮೊರ, ಹೆಣ್ಣು ಹುಟ್ಟಿದರೆ ಅರ್ಧ!

ಇನ್ನೊಂದು ಮೋಸ ಕೇಳಿ. ಬ್ರಿಟಿಷರ ಕಾಲದ ಡಾಕ್ಟರುಗಳು, ಅವರ ಹಿಂದೆಯೇ ನಮ್ಮ ಓದಿದ ಸುಧಾರಕರು, ಬಾಣಂತಿ ಸತ್ತರೆ ‘ಕೊಳಕು ದಾಯಿ’ಯ ಕಡೆ ಬೆರಳು ತೋರಿಸಿದರು. 1903ರಲ್ಲಿ ವೈಸರಾಯ್ ಕರ್ಜನ್ನನ ಹೆಂಡತಿ ದಾಯಿಯರಿಗೆ ತರಬೇತಿ ಕೊಡಲು ವಿಕ್ಟೋರಿಯಾ ರಾಣಿಯ ಹೆಸರಿನಲ್ಲಿ ನಿಧಿ ಕೂಡಿಸಿದಳು. ತರಬೇತಿ ಬೇಡ ಎನ್ನುವವರು ಯಾರು? ಸೋಂಕು ನಿಜ, ಸಾವೂ ನಿಜ. ಆದರೆ ಆ ಕೊಳಕು ಯಾರದು? ಹೆರುವವಳನ್ನು ಗಾಳಿ ಬೆಳಕಿಲ್ಲದ ಮೂಲೆಗೆ ದೂಡಿದವರು ಯಾರು? ಹೇಗಿದ್ದರೂ ಎಸೆಯುವುದು ಎಂದು ಹರಕು ಚಿಂದಿ ಕೊಟ್ಟವರು ಯಾರು? ಮಡಿ ಮಾಡಿದ ಕೊಳಕನ್ನು ಮಡಿವಂತರು ಸೂಲಗಿತ್ತಿಯ ಉಗುರಿಗೆ ಅಂಟಿಸಿದರು. ಕೊಲೆ ಮಾಡಿದ್ದು ಜಾತಿ. ಅಪರಾಧಿ ಕಟಕಟೆಯಲ್ಲಿ ನಿಂತವಳು ಮುದುಕಿ.

ಇಲ್ಲಿಯೇ ಮೇರಿ ಗ್ಲೌರಿಯ ನಿಜವಾದ ದೊಡ್ಡತನ ಇದೆ. ಅವರು ಬರೀ ಮದ್ದು ಹಂಚಲಿಲ್ಲ. ಅಲ್ಲಿಯ ಹೆಂಗಸರಿಗೆ ಸೂಲಗಿತ್ತಿಯ ಕೆಲಸ, ದಾದಿ ಕೆಲಸ, ಔಷಧ ಕೂಡಿಸುವ ಕೆಲಸ ಕಲಿಸಿದರು. ವಿದ್ಯೆ ಮುಟ್ಟಬಾರದು ಎಂದಿದ್ದ ದೇಶದಲ್ಲಿ ಹೆಂಗಸಿಗೆ ವಿದ್ಯೆ ಮುಟ್ಟಿಸಿದ್ದು ಸಣ್ಣ ಮಾತಲ್ಲ. ‘ಮತಾಂತರ, ಮತಾಂತರ’ ಎಂದು ಎದೆ ಬಡಿದುಕೊಳ್ಳುವವರಿಗೆ ನನ್ನದು ಒಂದೇ ಪ್ರಶ್ನೆ: ನಿಮ್ಮ ಸಾವಿರ ವರ್ಷದ ಮಠಗಳಲ್ಲಿ ಎಷ್ಟು ಮಠ ಕೇರಿಯ ಬಸುರಿಯ ನಾಡಿ ಹಿಡಿದವು? ಮೊದಲು ಮುಟ್ಟಿ, ಆಮೇಲೆ ಮಾತಾಡಿ.

ಇನ್ನು ಇಗರ್ಜಿಯವರಿಗೆ. 2013ರಲ್ಲಿ ನೀವು ಮೇರಿ ಗ್ಲೌರಿಯನ್ನು ‘ದೇವರ ಸೇವಕಿ’ ಎಂದು ಸಾರಿದಿರಿ. ಸಂತೋಷ. ಅದೇ ಗುಂಟೂರು ಜಿಲ್ಲೆಯ ಚುಂಡೂರಿನಲ್ಲಿ 1991ರ ಆಗಸ್ಟ್ 6ರಂದು ಎಂಟು ಜನ ದಲಿತರನ್ನು ಕೊಚ್ಚಿ ಹಾಕಿದರು. ಆಸ್ಪತ್ರೆ ಮೈ ಮುಟ್ಟಿತು, ಊರು ಮುಟ್ಟಲಿಲ್ಲ. ಊರಿನ ಮಾತು ಬಿಡಿ, ನಿಮ್ಮ ಸಭೆಯೊಳಗೇ ಅಸ್ಪೃಶ್ಯತೆ ಇದೆ ಎಂದು ನಿಮ್ಮ ಬಿಷಪ್ಪರೇ 2016ರಲ್ಲಿ ಒಪ್ಪಿಕೊಂಡರಲ್ಲ. ಸರ್ಕಾರವೋ 1950ರ ಆದೇಶ ಹಿಡಿದು, ಕ್ರಿಸ್ತನ ಹೆಸರು ಹೇಳಿದವನನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತ ದಲಿತರಿಗೆ ಆಗಲೂ ತೆರೆಯಲಿಲ್ಲ. ಇಗರ್ಜಿಯಲ್ಲಿ ಜಾತಿ ಉಂಟು, ಕಚೇರಿಯಲ್ಲಿ ಜಾತಿ ಇಲ್ಲ. ಎತ್ತ ಹೋದರೂ ಏಟು ಅವನಿಗೇ.

ಸೂಲಗಿತ್ತಿಗೆ ಗೌರವ ಬರಲೇ ಇಲ್ಲವೇ ಅಂದರೆ, ಬಂತು. 2018ರಲ್ಲಿ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಸಿಕ್ಕಿತು. ಅದೇ ವರ್ಷ ಅವರು ಕಣ್ಣು ಮುಚ್ಚಿದರು. ಒಬ್ಬರಿಗೆ ಪದಕ, ಲಕ್ಷಾಂತರ ಜನರಿಗೆ ಹಳೆ ಸೀರೆ.

ಗೆಳೆಯರೇ, ಹಳ್ಳಿಯ ಮೇಷ್ಟ್ರುಗಳೇ, ಆಸ್ಪತ್ರೆಯ ಚರಿತ್ರೆ ಅಂದರೆ ಗೋಡೆಗೆ ನೇತು ಹಾಕಿದ ಸಂಸ್ಥಾಪಕರ ಪಟವಲ್ಲ. ನಿಮ್ಮ ತಾಲ್ಲೂಕಿನ ಆಸ್ಪತ್ರೆಗೆ ಹೋಗಿ, ಅದು ಮಿಶನ್ನಿನದಾಗಲಿ, ಸರ್ಕಾರದ್ದಾಗಲಿ. ಹೆರಿಗೆ ಕೋಣೆಯ ರಕ್ತ ಬಳಿಯುವ ಆಯಾ ಯಾವ ಕೇರಿಯವಳು, ಅವಳ ಸಂಬಳ ಎಷ್ಟು, ಕೆಲಸ ಕಾಯಂ ಆಗಿದೆಯೇ ಎಂದು ಕೇಳಿ. ಶಾಲೆಯ ಮಕ್ಕಳಿಗೆ ಹೇಳಿ: ‘ನಿನ್ನ ಬಳ್ಳಿ ಕೊಯ್ದವಳ ಹೆಸರು ಕೇಳಿಕೊಂಡು ಬಾ.’ ಆ ಹೆಸರುಗಳನ್ನು ಬರೆದಿಡಿ. ಸಂತರ ಪಟ್ಟಿಯನ್ನು ರೋಮು ನೋಡಿಕೊಳ್ಳುತ್ತದೆ. ಈ ಪಟ್ಟಿ ನಾವೇ ಬರೆಯಬೇಕು.