ಬಾಗಿಲಿಗೆ ಮೊಬೈಲ್ ಬರಲಿ, ಹಾಜರಿ ಪುಸ್ತಕ ನಮ್ಮಲ್ಲೇ ಇರಲಿ

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯನ್ನು ದಾಟಿ ಹೇರೋಹಳ್ಳಿ, ಬ್ಯಾಡರಹಳ್ಳಿಗಳ ಕಡೆಗೆ ಸಾಗುವಾಗ, ಅಥವಾ ಅಂದ್ರಹಳ್ಳಿ ಮುಖ್ಯರಸ್ತೆಯನ್ನು ಹಿಡಿದು ಪೀಣ್ಯದ ಕಡೆಗೆ ಹೊರಳುವಾಗ, ಅಡ್ಡರಸ್ತೆಗಳಲ್ಲೆಲ್ಲ ಸಣ್ಣ ಸಣ್ಣ ಶೆಡ್ಡುಗಳು ಕಾಣಸಿಗುತ್ತವೆ. ಒಂದರಲ್ಲಿ ಲೇತು, ಇನ್ನೊಂದರಲ್ಲಿ ಪ್ರೆಸ್ಸು, ಮಗದೊಂದರಲ್ಲಿ ಪೌಡರ್ ಕೋಟಿಂಗ್ ಅಥವಾ ಸಿದ್ಧ ಉಡುಪು. ಇವುಗಳಲ್ಲಿ ಅನೇಕ ಘಟಕಗಳ ಬಾಗಿಲ ಬಳಿ ಹತ್ತು ಹದಿನೈದು ವರ್ಷಗಳ ಹಿಂದೆ ಅಳವಡಿಸಿದ ಕಾರ್ಡಿನ ಅಥವಾ ಬೆರಳಚ್ಚಿನ ಯಂತ್ರವೊಂದು ಇಂದಿಗೂ ತನ್ನ ಕೆಲಸವನ್ನು ಮಾಡುತ್ತಲೇ ಇದೆ. ಈಗ ಅವುಗಳ ಮಾಲೀಕರಿಗೆ ಹೊಸ ಬಗೆಯ ದರಪಟ್ಟಿಗಳು ಬರತೊಡಗಿವೆ. ಹಳೆಯ ವ್ಯವಸ್ಥೆಗೆ ಮೊಬೈಲ್ ಪ್ರವೇಶವನ್ನು ಜೋಡಿಸಿಕೊಡುತ್ತೇವೆ, ಕಾರ್ಡಿನ ಗೊಡವೆಯೇ ಬೇಡ, ಕಾರ್ಮಿಕನ ಕೈಯಲ್ಲಿರುವ ಫೋನೇ ಕೀಲಿಯಾಗುತ್ತದೆ ಎಂಬುದು ಅವುಗಳ ಸಾರಾಂಶ.

ಮೊಬೈಲ್ ಪ್ರವೇಶಕ್ಕೆ ನನ್ನ ವಿರೋಧವಿಲ್ಲ. 2020ರ ಮಾರ್ಚಿಯಲ್ಲಿ ಕೋವಿಡ್ ಭೀತಿಯಿಂದ ಸರ್ಕಾರಿ ಕಚೇರಿಗಳಲ್ಲೇ ಬೆರಳಚ್ಚಿನ ಹಾಜರಾತಿಯನ್ನು ಕೈಬಿಟ್ಟಾಗ, ಮುಟ್ಟದೆ ತೆರೆಯುವ ಬಾಗಿಲಿನ ಉಪಯೋಗ ಎಲ್ಲರಿಗೂ ಮನದಟ್ಟಾಯಿತು. ಅದಕ್ಕೂ ಮೊದಲೇ, ಕೂಲೆಂಟ್ ಮತ್ತು ಗ್ರೀಸಿನಲ್ಲಿ ವರ್ಷಗಟ್ಟಲೆ ಕೈಯಾಡಿಸಿ ಬೆರಳಿನ ಗೆರೆಗಳೇ ಸವೆದುಹೋದ ಟರ್ನರುಗಳು ಯಂತ್ರದ ಮುಂದೆ ನಾಲ್ಕೈದು ಬಾರಿ ಬೆರಳೊತ್ತಿ ಬೇಸತ್ತು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ನನ್ನ ಆಕ್ಷೇಪಣೆ ಇರುವುದು ಬೇರೆಡೆ. ಬಾಗಿಲಿನ ಆಧುನೀಕರಣ ಎಂಬ ಹೆಸರಿನಲ್ಲಿ ನಮ್ಮ ಹಾಜರಿ ಪುಸ್ತಕವು ನಮ್ಮ ಕಚೇರಿಯಿಂದ ಹೊರಟು ಮತ್ತೊಬ್ಬರ ಕಂಪ್ಯೂಟರಿಗೆ ಸೇರುತ್ತಿದೆ. ಇದನ್ನು ಗಮನಿಸದೆಯೇ ನಾವು ಒಪ್ಪಂದಕ್ಕೆ ಸಹಿ ಹಾಕುತ್ತಿದ್ದೇವೆ.

ಈ ಮಾತು ಸ್ಪಷ್ಟವಾಗಬೇಕಾದರೆ ಹಳೆಯ ವ್ಯವಸ್ಥೆಯು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ತಿಳಿಯಬೇಕಾಗುತ್ತದೆ. ಬಾಗಿಲ ಹೊರಗೆ ಇರುವುದು ರೀಡರ್. ಒಳಗೆ ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಇರುವುದು ಕಂಟ್ರೋಲರ್. ಬಾಗಿಲ ಮೇಲ್ಭಾಗದಲ್ಲಿ ವಿದ್ಯುತ್ ಕಾಂತದ ಬೀಗ, ಒಳಬದಿಯಲ್ಲಿ ಹೊರಹೋಗಲು ಒತ್ತುವ ಗುಂಡಿ. ಕಾರ್ಡನ್ನು ಹಿಡಿದಾಗ ರೀಡರ್ ಅದರಲ್ಲಿರುವ ಸಂಖ್ಯೆಯನ್ನು ಓದಿ ಎರಡು ತಂತಿಗಳ ಮೂಲಕ ಕಂಟ್ರೋಲರಿಗೆ ಕಳುಹಿಸುತ್ತದೆ. ಈ ಪದ್ಧತಿಗೆ ವೀಗಾಂಡ್ ಎಂದು ಹೆಸರು. ಅತ್ಯಂತ ಬಳಕೆಯಲ್ಲಿರುವ ಮಾದರಿಯಲ್ಲಿ ಒಟ್ಟು 26 ಬಿಟ್‌ಗಳಿದ್ದು, 8 ಬಿಟ್‌ಗಳು ಸಂಸ್ಥೆಯ ಸಂಕೇತಕ್ಕೂ 16 ಬಿಟ್‌ಗಳು ಕಾರ್ಡಿನ ಸಂಖ್ಯೆಗೂ ಮೀಸಲು. ಉಳಿದ ಎರಡು ತಪ್ಪು ಪತ್ತೆಗೆ. ಬಂದ ಸಂಖ್ಯೆ ತನ್ನ ಪಟ್ಟಿಯಲ್ಲಿ ಇದೆಯೇ ಇಲ್ಲವೇ ಎಂಬುದನ್ನಷ್ಟೇ ಕಂಟ್ರೋಲರ್ ನೋಡುತ್ತದೆ. ಆ ಸಂಖ್ಯೆ ಪ್ಲಾಸ್ಟಿಕ್ ಕಾರ್ಡಿನಿಂದ ಬಂದಿತೋ ಫೋನಿನಿಂದ ಬಂದಿತೋ ಎಂಬುದು ಅದಕ್ಕೆ ತಿಳಿಯುವುದೂ ಇಲ್ಲ, ಬೇಕಾಗಿಯೂ ಇಲ್ಲ.

ಆದುದರಿಂದಲೇ ಹದಿನೈದು ವರ್ಷ ಹಳೆಯ ಕಂಟ್ರೋಲರನ್ನು ಮುಟ್ಟದೆ, ಬಾಗಿಲ ಹೊರಗಿನ ರೀಡರನ್ನು ಮಾತ್ರ ಬದಲಿಸಿ ಮೊಬೈಲ್ ಪ್ರವೇಶವನ್ನು ಕಲ್ಪಿಸಲು ಸಾಧ್ಯವಾಗುತ್ತದೆ. ಹೊಸ ರೀಡರ್ ಒಂದು ಕಡೆ ಹಳೆಯ ಕಾರ್ಡನ್ನೂ ಬ್ಲೂಟೂತ್ ಮೂಲಕ ಫೋನನ್ನೂ ಓದುತ್ತದೆ. ಇನ್ನೊಂದು ಕಡೆ ಅದೇ ಹಳೆಯ ಎರಡು ತಂತಿಗಳಲ್ಲಿ ಅದೇ 26 ಬಿಟ್‌ಗಳನ್ನು ಕಳುಹಿಸುತ್ತದೆ. ಹೊಸ ರೀಡರ್ ಹಳೆಯ ಕಾರ್ಡಿನ ಆವರ್ತನವನ್ನು ಓದಬಲ್ಲುದೇ ಎಂಬುದನ್ನು ಮಾತ್ರ ಮೊದಲೇ ಪರೀಕ್ಷಿಸಿಕೊಳ್ಳಬೇಕು. ಇದು ಸರಿಯಾದ ಮಾರ್ಗ. ಹಾಜರಿಯ ಪಟ್ಟಿಯೂ ಸಮಯದ ದಾಖಲೆಯೂ ಮೊದಲಿನಂತೆಯೇ ನಮ್ಮ ಪೆಟ್ಟಿಗೆಯಲ್ಲಿ ಉಳಿಯುತ್ತವೆ.

ಆದರೆ ಇದಕ್ಕಿಂತ ಅಗ್ಗದ ಇನ್ನೊಂದು ಮಾರ್ಗವಿದೆ. ಅನೇಕ ಪೂರೈಕೆದಾರರು ಅದನ್ನೇ ಮೊದಲು ಮುಂದಿಡುತ್ತಾರೆ. ಒಳಬದಿಯ ಗುಂಡಿಯ ತಂತಿಗಳಿಗೆ ಸಮಾನಾಂತರವಾಗಿ ಒಂದು ಚಿಕ್ಕ ರಿಲೇ ಸಾಧನವನ್ನು ಜೋಡಿಸುವುದು. ಫೋನಿನಲ್ಲಿ ಒತ್ತಿದೊಡನೆ ಆ ರಿಲೇ ಮುಚ್ಚಿಕೊಂಡು, ಒಳಗಿನಿಂದ ಯಾರೋ ಗುಂಡಿ ಒತ್ತಿದಂತೆ ಬಾಗಿಲು ತೆರೆದುಕೊಳ್ಳುತ್ತದೆ. ಅರ್ಧ ದಿನದ ಕೆಲಸ, ಗೋಡೆ ಕೊರೆಯುವ ತಾಪತ್ರಯವಿಲ್ಲ. ಆದರೆ ಕಂಟ್ರೋಲರಿನ ದಾಖಲೆಯಲ್ಲಿ ಬೀಳುವುದು ಗುಂಡಿ ಒತ್ತಲಾಯಿತು ಎಂಬ ಒಂದೇ ಸಾಲು. ಬಂದವರು ಯಾರು ಎಂಬುದು ಪೂರೈಕೆದಾರನ ಆ್ಯಪಿನಲ್ಲಿ ಮಾತ್ರ ಇರುತ್ತದೆ.

ಇದರ ಫಲವನ್ನು ನಾನೇ ಉಂಡಿದ್ದೇನೆ. ನಮ್ಮ ಘಟಕದಲ್ಲಿ ಹೀಗೆ ರಿಲೇ ಜೋಡಿಸಿಕೊಂಡ ಮೊದಲ ತಿಂಗಳ ಕೊನೆಗೆ ಸಂಬಳದ ಲೆಕ್ಕಕ್ಕೆ ಕುಳಿತರೆ, ಕಾರ್ಡು ಬಳಸಿದವರ ಸಮಯ ಒಂದೆಡೆ, ಫೋನು ಬಳಸಿದವರದು ಇನ್ನೊಂದೆಡೆ, ಬೆಳಿಗ್ಗೆ ಕಾರ್ಡಿನಲ್ಲಿ ಬಂದು ಸಂಜೆ ಫೋನಿನಲ್ಲಿ ಹೋದವರ ದಿನಗಳು ಎರಡೆಡೆಯೂ ಅರೆಬರೆ. ಇಬ್ಬರು ಹುಡುಗರ ಓವರ್‌ಟೈಮ್ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೊನೆಗೆ ವಾಚ್‌ಮನ್ ತಾನಾಗಿಯೇ ಬರೆದಿಟ್ಟುಕೊಂಡಿದ್ದ ನೂರು ಪುಟದ ನೋಟ್‌ಪುಸ್ತಕವೇ ನಮಗೆ ಗತಿಯಾಯಿತು. ಆ ಹುಡುಗರಿಗೆ ಹಣ ಸಂದಿತು. ಆದರೆ ಯಂತ್ರ ಸುಳ್ಳು ಹೇಳಿತೆಂದೂ ಮಾಲೀಕ ಯಂತ್ರವನ್ನು ನಂಬಿದನೆಂದೂ ಅವರಲ್ಲಿ ಮೂಡಿದ ಭಾವನೆ ಬಹುಕಾಲ ಹೋಗಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಈ ಕೆಲಸವನ್ನು ಸರಿಯಾಗಿ ಮಾಡಿದ ನಿದರ್ಶನ ನಮ್ಮ ಊರಿನಲ್ಲಿಯೇ ಇದೆ. ನಮ್ಮ ಮೆಟ್ರೊ 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆಯ ನಡುವೆ ಆರಂಭವಾದಾಗ ಅದರ ಪ್ರವೇಶದ್ವಾರಗಳು ಟೋಕನ್ ಹಾಗೂ ಸ್ಮಾರ್ಟ್ ಕಾರ್ಡುಗಳಿಗಾಗಿ ರೂಪುಗೊಂಡಿದ್ದವು. 2014ರ ಮಾರ್ಚ್ 1ರಂದು ಪೀಣ್ಯ ಇಂಡಸ್ಟ್ರಿ ನಿಲ್ದಾಣ ತೆರೆದಾಗಲೂ ಅದೇ ವ್ಯವಸ್ಥೆ. 2022ರ ನವೆಂಬರ್ 1ರಿಂದ ಫೋನಿನಲ್ಲಿ, ವಾಟ್ಸಾಪ್ ಮೂಲಕವೂ ಸಹ, ಕ್ಯೂಆರ್ ಟಿಕೆಟ್ ಪಡೆದು ಅದನ್ನು ದ್ವಾರದಲ್ಲಿ ತೋರಿಸಿ ಒಳಹೋಗುವ ಅನುಕೂಲವನ್ನು ಕಲ್ಪಿಸಲಾಯಿತು. ಆದರೆ ಅಂದು ಟೋಕನನ್ನು ನಿಲ್ಲಿಸಲಿಲ್ಲ, ಕಾರ್ಡನ್ನೂ ನಿಲ್ಲಿಸಲಿಲ್ಲ. ಫೋನಿನ ಟಿಕೆಟ್ಟಿಗೆ ಶೇಕಡಾ 5ರ ರಿಯಾಯಿತಿ ನೀಡಿ ಜನರನ್ನು ಕರೆಯಲಾಯಿತೇ ಹೊರತು ಫೋನಿಲ್ಲದವರನ್ನು ಹೊರಗೆ ನಿಲ್ಲಿಸಲಿಲ್ಲ. ಇನ್ನೂ ಮುಖ್ಯವಾದುದೆಂದರೆ, ಟಿಕೆಟ್ ಯಾವ ಆ್ಯಪಿನಿಂದ ಬಂದರೂ ದ್ವಾರ ನಿಗಮದ್ದೇ. 2024ರ ಆಗಸ್ಟ್ 16ರಂದು ಕೇಂದ್ರ ಸಚಿವ ಸಂಪುಟದ ಅನುಮೋದನೆ ಪಡೆದ ಮೂರನೆಯ ಹಂತದ ಹೊಸಹಳ್ಳಿ–ಕಡಬಗೆರೆ ಮಾರ್ಗದಲ್ಲಿ ಹೇರೋಹಳ್ಳಿಗೂ ಒಂದು ನಿಲ್ದಾಣವಿದೆ. ಅದು ಬಂದಾಗ ನಮ್ಮ ಕಾರ್ಮಿಕರು ಫೋನು ತೋರಿಸಿ ರೈಲು ಹತ್ತಿ ಬಂದು, ಶೆಡ್ಡಿನ ಬಾಗಿಲಲ್ಲೂ ಅದನ್ನೇ ನಿರೀಕ್ಷಿಸುವುದು ಸಹಜ.

ಇನ್ನು ಖರ್ಚಿನ ವಿಚಾರ. ರೀಡರಿನ ಬೆಲೆ ಒಮ್ಮೆ ಕೊಟ್ಟು ಮುಗಿಯುವಂಥದು. ಮೊಬೈಲ್ ಪ್ರವೇಶದ ಶುಲ್ಕ ಹಾಗಲ್ಲ. ಬಳಕೆದಾರರೊಬ್ಬರಿಗೆ ತಿಂಗಳಿಗೆ ಇಂತಿಷ್ಟು ಎಂಬ ಕ್ರಮವೇ ಹೆಚ್ಚು. ಉದಾಹರಣೆಗೆ ತಲಾ 50 ರೂಪಾಯಿ ಎಂದಿಟ್ಟುಕೊಂಡರೂ 40 ಜನರಿರುವ ಘಟಕಕ್ಕೆ ಐದು ವರ್ಷಗಳಲ್ಲಿ 1,20,000 ರೂಪಾಯಿ. ಅದರ ಮೇಲೆ ತೆರಿಗೆ. ಕಾರ್ಡಾದರೋ ಕೆಲವು ಹತ್ತು ರೂಪಾಯಿಗಳ ವಸ್ತು, ಕಳೆದರೆ ಮತ್ತೊಂದು. ನಮ್ಮ ಲೇತು ಪ್ರೆಸ್ಸುಗಳನ್ನು ಇಪ್ಪತ್ತು ವರ್ಷ ದುಡಿಸಿಕೊಳ್ಳುವ ನಾವು, ಪ್ರತಿ ತಿಂಗಳೂ ಬಾಡಿಗೆ ಕೇಳುವ ಬಾಗಿಲನ್ನು ಕೊಳ್ಳುವಾಗ ಅದೇ ಐದು ವರ್ಷದ ಲೆಕ್ಕವನ್ನು ಏಕೆ ಹಾಕುವುದಿಲ್ಲವೋ ಕಾಣೆ. ಶುಲ್ಕ ಕಟ್ಟುವುದು ತಪ್ಪಿದ ದಿನ ಬಾಗಿಲು ಏನಾಗುತ್ತದೆ, ಹಿಂದಿನ ಮೂರು ವರ್ಷದ ಹಾಜರಿ ನಮಗೆ ಸಿಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ನಾನು ಈಚೆಗೆ ಮೂವರು ಪೂರೈಕೆದಾರರಿಗೆ ಕೇಳಿದೆ. ಒಬ್ಬರು ಮಾತ್ರ ಲಿಖಿತವಾಗಿ ಉತ್ತರಿಸಿದರು.

ದಾಖಲೆ ಹೊರಗಿದ್ದರೂ ಹೊಣೆ ಹೊರಗೆ ಹೋಗುವುದಿಲ್ಲ ಎಂಬುದನ್ನೂ ಸದಸ್ಯರು ಗಮನಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿಯನ್ನು ಯಾವ ಉದ್ದೇಶಕ್ಕೆ ಸಂಗ್ರಹಿಸಬೇಕೆಂದು ನಿರ್ಧರಿಸುವವನೇ ಅದಕ್ಕೆ ಜವಾಬ್ದಾರ. ಅದನ್ನು ನಿರ್ವಹಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿದ ಮಾತ್ರಕ್ಕೆ ಅವನು ಪಾರಾಗುವುದಿಲ್ಲ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತಿವೆ. ಕೆಲವು ಆ್ಯಪುಗಳು ಬಾಗಿಲು ತೆರೆಯುವುದಕ್ಕಾಗಿ ಫೋನಿರುವ ಸ್ಥಳದ ಮಾಹಿತಿಯನ್ನೂ ಕೇಳುತ್ತವೆ. ಕೆಲಸ ಮುಗಿಸಿ ಮನೆಗೆ ಹೋದ ಹೆಣ್ಣುಮಗಳು ಎಲ್ಲಿದ್ದಾಳೆಂಬುದು ನಮಗೆ ಏಕೆ ಬೇಕು?

ಮತ್ತೊಂದು ಸಂಗತಿಯನ್ನು ನಾವು ಮರೆಯುತ್ತೇವೆ: ಆ ಫೋನು ನಮ್ಮದಲ್ಲ, ಕಾರ್ಮಿಕನದು. ಅದರ ಬೆಲೆಯನ್ನೂ ಕರೆನ್ಸಿಯನ್ನೂ ಅವನೇ ಭರಿಸುತ್ತಾನೆ. ರಾಯಚೂರು, ಕಲಬುರಗಿಗಳಿಂದಲೂ ಒಡಿಶಾ, ಬಿಹಾರಗಳಿಂದಲೂ ಬಂದು ದುಡಿಯುವವರಲ್ಲಿ ಹಲವರ ಬಳಿ ಇಂದಿಗೂ ಗುಂಡಿಯ ಫೋನೇ ಇದೆ. ಸ್ಮಾರ್ಟ್‌ಫೋನ್ ಇದ್ದರೂ ಅದರ ಗಾಜು ಒಡೆದಿರುತ್ತದೆ, ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಇದರ ಜೊತೆಗೆ ಒಂದು ವಿಪರ್ಯಾಸವೂ ಇದೆ. ಪ್ರೆಸ್ಸಿನ ಮುಂದೆ ಗಮನ ತಪ್ಪಿದರೆ ಬೆರಳು ಹೋಗುತ್ತದೆಂದು ಹಲವು ಘಟಕಗಳಲ್ಲಿ ಫೋನನ್ನು ಗೇಟಿನಲ್ಲೇ ಇರಿಸಿಕೊಳ್ಳುವ ನಿಯಮವಿದೆ, ಅದು ಒಳ್ಳೆಯ ನಿಯಮವೇ. ಒಳಬರಲು ಫೋನು ಬೇಕು, ಬಂದ ಮೇಲೆ ಫೋನು ಕೂಡದು, ಊಟಕ್ಕೆ ಹೊರಹೋಗಿ ಬರಲು ಮತ್ತೆ ಬೇಕು ಎಂದರೆ ವಾಚ್‌ಮನ್ನನ ಕಷ್ಟವನ್ನು ಊಹಿಸಿಕೊಳ್ಳಬಹುದು. ಆದಕಾರಣ ಕಾರ್ಡು ಉಳಿಯಲೇಬೇಕು. ಫೋನು ಬೇಕೆನ್ನುವವರಿಗೆ ಫೋನು, ಮೇಲ್ವಿಚಾರಕರಿಗೆ, ಮಾರಾಟದ ಸಿಬ್ಬಂದಿಗೆ, ಒಂದು ದಿನಕ್ಕೆ ಬಂದು ಹೋಗುವ ಸರ್ವೀಸ್ ಇಂಜಿನಿಯರಿಗೆ. ಈ ಕೊನೆಯವರಿಗಂತೂ ಅದು ನಿಜಕ್ಕೂ ಅನುಕೂಲ. ಕಾರ್ಡು ಕೊಟ್ಟು ವಾಪಸು ಪಡೆಯುವ ಗೋಜಿಲ್ಲ.

ಕಾರ್ಡು ಉಳಿದರೆ ಅದರ ದೌರ್ಬಲ್ಯವೂ ಉಳಿಯುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹಳೆಯ 125 ಕಿಲೋಹರ್ಟ್ಸ್ ಕಾರ್ಡಿನಲ್ಲಿ ಗುಪ್ತಲಿಪಿ ಎಂಬುದೇ ಇಲ್ಲ, ಅಗ್ಗದ ಸಾಧನವೊಂದರಿಂದ ಕ್ಷಣದಲ್ಲಿ ನಕಲು ಮಾಡಬಹುದು. ಅದಕ್ಕಿಂತ ಮೇಲೆಂದು ತಿಳಿಯಲಾಗಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಗುಪ್ತಲಿಪಿಯನ್ನೂ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿಯೇ ಭೇದಿಸಿ ತೋರಿಸಿದರು. ಫೋನಿನಲ್ಲಿ ಎಷ್ಟೇ ಬಲವಾದ ರಕ್ಷಣೆಯಿದ್ದರೂ ರೀಡರಿನಿಂದ ಒಳಕ್ಕೆ ಹೋಗುವ ಎರಡು ತಂತಿಗಳಲ್ಲಿ ಸಂಖ್ಯೆ ಬೆತ್ತಲೆಯಾಗಿಯೇ ಸಾಗುತ್ತದೆ. ಆದುದರಿಂದ ಮೊಬೈಲ್ ಜೋಡಿಸಿದರೆ ಬಾಗಿಲು ಭದ್ರವಾಯಿತು ಎಂಬ ಮಾರಾಟಗಾರರ ಮಾತು ಅರ್ಧಸತ್ಯ. ಚಿನ್ನ ಬೆಳ್ಳಿಯ ಕೆಲಸ ಮಾಡುವವರೋ ಔಷಧ ದಾಸ್ತಾನು ಇರುವವರೋ ಆದರೆ, ಕಂಟ್ರೋಲರನ್ನೂ ಸೇರಿಸಿ ಬದಲಿಸಿ, 2020ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿ ಅಂಗೀಕೃತವಾದ ಒಎಸ್‌ಡಿಪಿ ಪದ್ಧತಿಯನ್ನು ಅದರ ಗುಪ್ತಲಿಪಿ ಸಹಿತ ಕೇಳಿ ಪಡೆಯುವುದು ಲೇಸು. ಬೋಲ್ಟು ನಟ್ಟು ಮಾಡುವ ನಮ್ಮಂಥವರಿಗೆ ಅದು ಅಗತ್ಯವೆಂದು ನನಗೆ ತೋರುವುದಿಲ್ಲ.

ಎಲ್ಲರಿಗೂ ಅಗತ್ಯವಾದುದು ಬೇರೊಂದಿದೆ. 2010ರ ಫೆಬ್ರವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ಬೆಂಕಿ ಹೊತ್ತಿ ಒಂಬತ್ತು ಜನ ಪ್ರಾಣ ಕಳೆದುಕೊಂಡರು. ತುರ್ತು ನಿರ್ಗಮನದ ದಾರಿಗಳು ಮುಚ್ಚಿದ್ದವೆಂಬುದು ಆಗ ವ್ಯಾಪಕವಾಗಿ ವರದಿಯಾಯಿತು. ಕಾಂತದ ಬೀಗ ವಿದ್ಯುತ್ ಹೋದರೆ ತಾನಾಗಿ ಬಿಟ್ಟುಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ನಾವಿದ್ದೇವೆ. ಆದರೆ ಪದೇ ಪದೇ ಕರೆಂಟು ಹೋಗುವ ನಮ್ಮ ಭಾಗದಲ್ಲಿ ಪ್ರತಿಯೊಂದು ಬೀಗಕ್ಕೂ ಬ್ಯಾಟರಿಯ ಆಸರೆ ಇರುತ್ತದೆ. ಬೆಂಕಿ ಬಿದ್ದು ಮೈನ್ ಆರಿಸಿದ ಮೇಲೂ ಆ ಬ್ಯಾಟರಿ ಬಾಗಿಲನ್ನು ಬಿಗಿಯಾಗಿ ಹಿಡಿದೇ ಇರುತ್ತದೆ. ಹೊಸ ಸಾಧನವನ್ನು ಜೋಡಿಸಲು ಗೋಡೆಯ ಪೆಟ್ಟಿಗೆಯನ್ನು ಹೇಗೂ ತೆರೆಯುವಿರಿ. ಅದೇ ದಿನ, ಬೀಗಕ್ಕೆ ಹೋಗುವ ವಿದ್ಯುತ್ತನ್ನು ಬ್ಯಾಟರಿ ಸಹಿತ ನೇರವಾಗಿ ಕತ್ತರಿಸುವ ಗಾಜಿನ ಮುಚ್ಚಳದ ತುರ್ತು ಸ್ವಿಚ್ಚನ್ನು ಬಾಗಿಲ ಒಳಬದಿಯಲ್ಲಿ ಹಾಕಿಸಿ, ಬೆಂಕಿ ಎಚ್ಚರಿಕೆಯ ಗಂಟೆ ಇದ್ದಲ್ಲಿ ಅದಕ್ಕೂ ಬೀಗವನ್ನು ಜೋಡಿಸಿ. ಒಳಗಿನಿಂದ ಹೊರಬರಲು ಫೋನಾಗಲಿ, ಕಾರ್ಡಾಗಲಿ, ಅಂತರ್ಜಾಲವಾಗಲಿ ಯಾವುದೂ ಬೇಕಾಗಬಾರದು. ಪೂರೈಕೆದಾರನ ದರಪಟ್ಟಿಯಲ್ಲಿ ಈ ಬಾಬತ್ತು ಇಲ್ಲದಿದ್ದರೆ ಅದನ್ನು ಸೇರಿಸಿಕೊಡುವವರೆಗೆ ಮುಂಗಡ ಕೊಡಬೇಡಿ.

ಅಂತರ್ಜಾಲದ ಮಾತು ಬಂದುದರಿಂದ ಒಂದು ಚಿಕ್ಕ ಪರೀಕ್ಷೆಯನ್ನು ಹೇಳಿಬಿಡುತ್ತೇನೆ. ತಗಡಿನ ಛಾವಣಿಯ ಶೆಡ್ಡುಗಳಲ್ಲಿ, ನೆಲಮಾಳಿಗೆಗಳಲ್ಲಿ ಸಿಗ್ನಲ್ ಸಿಗುವುದು ಅಪರೂಪ. ಸಾಧನವನ್ನು ತೋರಿಸಲು ಬಂದವರಿಗೆ ಫೋನಿನ ಡೇಟಾ ಆರಿಸಿ ಬಾಗಿಲು ತೆರೆಯುವಂತೆ ಹೇಳಿ. ತೆರೆದರೆ ಕೀಲಿ ಫೋನಿನಲ್ಲೇ ಇದೆ ಎಂದರ್ಥ; ತೆರೆಯದಿದ್ದರೆ ನಿಮ್ಮ ಬಾಗಿಲು ಬೇರೆಲ್ಲೋ ಇರುವ ಕಂಪ್ಯೂಟರಿನ ಅಪ್ಪಣೆಗೆ ಕಾಯುತ್ತಿದೆ. ಹಾಗೆಯೇ ಬ್ಲೂಟೂತಿನ ವ್ಯಾಪ್ತಿಯನ್ನು ಕುಗ್ಗಿಸಿಕೊಡಲು ಹೇಳಿ. ಇಲ್ಲವಾದರೆ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ನಿಂತವರ ಹಾಜರಿಯೂ ಬಿದ್ದೀತು.

ಒಬ್ಬೊಬ್ಬರೇ ಕೇಳಿದರೆ ಪೂರೈಕೆದಾರರು ಕಿವಿಗೊಡುವುದಿಲ್ಲ ಎಂಬುದು ನನ್ನ ಅನುಭವ. 40 ಜನರ ಘಟಕ ಅವರಿಗೆ ದೊಡ್ಡ ಗಿರಾಕಿಯಲ್ಲ. ಒಂದೇ ಅಡ್ಡರಸ್ತೆಯ ಹತ್ತು ಘಟಕಗಳು ಸೇರಿ ಕೇಳಿದರೆ ಮಾತು ಬೇರೆ. ನಮ್ಮ ಮಂಡಳಿಯು ಕನ್ನಡದಲ್ಲಿ ಒಂದು ಮಾದರಿ ಖರೀದಿ ಒಪ್ಪಂದವನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕೆಂದು ಈ ಮೂಲಕ ಕೋರುತ್ತೇನೆ. ಹಾಜರಿಯ ಪೂರ್ಣ ದಾಖಲೆಯು ಪ್ರತಿದಿನವೂ ಘಟಕದ ಸ್ವಂತ ಕಂಪ್ಯೂಟರಿಗೆ ಬರತಕ್ಕದ್ದು, ಶುಲ್ಕ ನಿಂತರೂ ಕಾರ್ಡಿನ ಪ್ರವೇಶ ನಿಲ್ಲತಕ್ಕದ್ದಲ್ಲ, ಒಪ್ಪಂದ ಮುಗಿದಾಗ ಕಾರ್ಮಿಕರ ಮಾಹಿತಿಯನ್ನು ಪೂರೈಕೆದಾರನು ಅಳಿಸಿ ಲಿಖಿತವಾಗಿ ತಿಳಿಸತಕ್ಕದ್ದು, ಕಂಟ್ರೋಲರಿನ ಪಾಸ್‌ವರ್ಡ್ ಮಾಲೀಕನ ವಶದಲ್ಲಿರತಕ್ಕದ್ದು ಎಂಬ ಷರತ್ತುಗಳು ಅದರಲ್ಲಿ ಇರಲೇಬೇಕು. ನನ್ನ ಘಟಕದ ವಾರ್ಷಿಕ ನಿರ್ವಹಣಾ ಒಪ್ಪಂದ ಬರುವ ಏಪ್ರಿಲ್‌ನಲ್ಲಿ ನವೀಕರಣಕ್ಕೆ ಬರುತ್ತದೆ. ಅಷ್ಟರೊಳಗೆ ಮಂಡಳಿಯ ಕರಡು ಕೈಸೇರಿದರೆ ಅದರ ಮೇಲೆಯೇ ಸಹಿ ಕೇಳುವೆನು. ಸೇರದಿದ್ದರೆ ಈ ನಾಲ್ಕು ಷರತ್ತುಗಳನ್ನು ನಾನೇ ಕೈಯಲ್ಲಿ ಬರೆದು ಲಗತ್ತಿಸುವೆನು.