ಯಾರ ಲಾಭಕ್ಕೆ ಈ ಹೊಸ ಕ್ಯಾಮರಾ?

ದೀಪಾವಳಿಯ ಬೋನಸ್ಸು ಕಾರ್ಮಿಕನ ಕೈ ಸೇರುವ ಮೊದಲೇ ಅದನ್ನು ಎತ್ತಿಕೊಳ್ಳಲು ಹತ್ತು ಕೈಗಳು ಚಾಚಿ ನಿಂತಿರುತ್ತವೆ. ಬಟ್ಟೆಯವರದು, ಬಂಗಾರದವರದು, ಮೋಟಾರು ಬೈಕಿನವರದು ಎಲ್ಲರಿಗೂ ಗೊತ್ತಿದ್ದದ್ದೇ. ಈಚಿನ ವರ್ಷಗಳಲ್ಲಿ ಆ ಸಾಲಿಗೆ ಇನ್ನೊಂದು ಕೈ ಸೇರಿದೆ. ಅದು ಕ್ಯಾಮರಾ ಮಾರುವವರದು. "ನಿಮ್ಮ ಕ್ಯಾಮರಾ ಹಳತಾಯಿತು, ಹಳತನ್ನು ಇಲ್ಲಿಡಿ, ಹೊಸತನ್ನು ಒಯ್ಯಿರಿ, ಕಂತಿಗೆ ಬಡ್ಡಿಯೇ ಇಲ್ಲ" ಎಂದು ಅವರು ಸಾರುತ್ತಿದ್ದಾರೆ.

ನಮ್ಮ ಓದುಗರಲ್ಲಿ ಗಿರಣಿಯ ಪಾಳಿ ಮುಗಿಸಿ ರವಿವಾರ ಕೆರೆಯ ಏರಿಯ ಮೇಲೆ ಹಕ್ಕಿಗಳಿಗಾಗಿ ಕಾದು ಕೂರುವವರಿದ್ದಾರೆ. ಅಂಗಡಿಯ ಬಾಗಿಲು ಹಾಕಿಕೊಂಡು ಜಾತ್ರೆ, ತೇರು, ಬಯಲಾಟಗಳ ಚಿತ್ರ ತೆಗೆಯಲು ಹೊರಡುವ ಸಣ್ಣ ವ್ಯಾಪಾರಿಗಳಿದ್ದಾರೆ. ಬಹುಮಂದಿಯ ಕೈಯಲ್ಲಿರುವುದು ಎಂಟು ಹತ್ತು ವರ್ಷಗಳ ಹಿಂದೆ ಕೊಂಡ ಡಿಎಸ್‌ಎಲ್‌ಆರ್ ಯಂತ್ರ, ಅದರ ಜೊತೆಯಲ್ಲೇ ಬಂದ ೧೮-೫೫ರ ಲೆನ್ಸು. ಇವರೆಲ್ಲ ನಮ್ಮನ್ನು ಕೇಳುವ ಪ್ರಶ್ನೆ ಒಂದೇ: ಮುಂದೆ ಯಾವ ಕ್ಯಾಮರಾ ಕೊಳ್ಳೋಣ? ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಿಮ್ಮಲ್ಲಿ ಹೆಚ್ಚಿನವರು ಕ್ಯಾಮರಾ ಕೊಳ್ಳಲೇ ಬೇಡಿ, ಲೆನ್ಸು ಕೊಳ್ಳಿರಿ.

ಏಕೆಂಬುದನ್ನು ವಿವರಿಸುವ ಮುನ್ನ ನಮ್ಮವರಲ್ಲೇ ಕೆಲವರಿಗೆ ಒಂದು ಮಾತು ಹೇಳಬೇಕಾಗಿದೆ. "ಕೂಲಿಯವನಿಗೆ ಕ್ಯಾಮರಾ ಏಕೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆ?" ಎಂದು ಮೂಗು ಮುರಿಯುವ ಮಹಾಶಯರಿದ್ದಾರೆ. ಎಂಟು ಗಂಟೆ ದುಡಿಮೆ, ಎಂಟು ಗಂಟೆ ನಿದ್ದೆ, ಎಂಟು ಗಂಟೆ ತನ್ನದು ಎಂದು ಕಾರ್ಮಿಕರು ಹೋರಾಡಿದಾಗ ಆ ಮೂರನೆಯ ಎಂಟು ಗಂಟೆಯಲ್ಲಿ ಅವನು ಗೋಡೆ ನೋಡುತ್ತ ಕೂರಲಿ ಎಂದು ಯಾರೂ ಹೇಳಿರಲಿಲ್ಲ. ಲೋಹಿಯಾ ವಿಚಾರಗಳಿಗೆ ಮನಸೋತ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿದ್ದುಕೊಂಡು, ೨೦೦೭ರಲ್ಲಿ ತೀರಿಕೊಳ್ಳುವವರೆಗೂ ಹಕ್ಕಿಗಳ ಬೆನ್ನು ಹತ್ತಿ ಚಿತ್ರ ತೆಗೆದರು. ಅವರನ್ನು ಯಾರೂ ಶೋಕಿಲಾಲ ಎನ್ನಲಿಲ್ಲ. ಸಾಹಿತಿಗೆ ಒಪ್ಪುವ ಹವ್ಯಾಸ ಮಗ್ಗದವನಿಗೆ ಏಕೆ ಒಪ್ಪಬಾರದು? ಕಾರ್ಮಿಕನು ಒಳ್ಳೆಯ ಚಿತ್ರ ತೆಗೆಯಲಿ, ಅತ್ಯುತ್ತಮ ಚಿತ್ರವನ್ನೇ ತೆಗೆಯಲಿ. ಆದರೆ ಅದರ ಹೆಸರಿನಲ್ಲಿ ಅವನ ಕಿಸೆಗೆ ಕತ್ತರಿ ಬೀಳುವುದು ನಮಗೆ ಒಪ್ಪಿಗೆಯಿಲ್ಲ.

ಈ ಕತ್ತರಿ ಈಗ ಏಕೆ ಇಷ್ಟು ಹರಿತವಾಗಿದೆ? ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕವನ್ನೇ ನೋಡಿ. ೨೦೧೦ರಲ್ಲಿ ಅವರು ಜಗತ್ತಿಗೆ ರವಾನಿಸಿದ ಡಿಜಿಟಲ್ ಕ್ಯಾಮರಾಗಳು ೧೨ ಕೋಟಿಗೂ ಮಿಕ್ಕಿದ್ದವು. ೨೦೨೩ರಲ್ಲಿ ೮೦ ಲಕ್ಷವೂ ಇಲ್ಲ. ಮೊಬೈಲು ಫೋನು ಆ ಪೇಟೆಯನ್ನು ನುಂಗಿತು. ಗಿರಾಕಿಗಳು ಹೀಗೆ ಕರಗಿದ ಮೇಲೆ ಕಂಪನಿಗಳಿಗೆ ಉಳಿದ ದಾರಿ ಯಾವುದು? ಉಳಿದವನೊಬ್ಬನಿಂದಲೇ ಹತ್ತು ಮಂದಿಯ ಹಣ ಹಿಂಡುವುದು. ಉಳಿದವನು ಯಾರು? ಹವ್ಯಾಸಿ! ಅವನ ಕೈಯ ಯಂತ್ರ ಕೆಟ್ಟಿಲ್ಲ. ಆದ್ದರಿಂದ ಕೆಟ್ಟಿದೆಯೆಂದು ಅವನನ್ನು ನಂಬಿಸಬೇಕಾಗಿದೆ.

ಯಾವುದು ಹೊಸತು, ಅದು ಯಾವಾಗ ಬರಬೇಕು ಎಂಬುದನ್ನು ಈ ವ್ಯವಹಾರದಲ್ಲಿ ಹಿಂದಿನಿಂದಲೂ ಗಲ್ಲಾಪೆಟ್ಟಿಗೆಯೇ ತೀರ್ಮಾನಿಸುತ್ತ ಬಂದಿದೆ. ೧೯೭೫ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರು ಸ್ಟೀವನ್ ಸ್ಯಾಸನ್ ಫಿಲ್ಮಿಲ್ಲದ ಕ್ಯಾಮರಾ ಒಂದನ್ನು ಕಟ್ಟಿ ತೋರಿಸಿದ. ಸುಮಾರು ಮೂರೂವರೆ ಕಿಲೋ ತೂಕ. ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು ೨೩ ಸೆಕೆಂಡು ಹಿಡಿಯುತ್ತಿತ್ತು. ಚಿತ್ರದಲ್ಲಿದ್ದ ಚುಕ್ಕೆಗಳು ಹತ್ತು ಸಾವಿರ. ಫಿಲ್ಮು ಮಾರಿ ಹೊಟ್ಟೆ ಬೆಳೆಸಿದ್ದ ಧಣಿಗಳಿಗೆ ಅದು ಬೇಡವಾಯಿತು. ಅದೇ ಕಂಪನಿ ೨೦೧೨ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅಂದು ಹೊಸತನ್ನು ಅಡಗಿಸಿಟ್ಟದ್ದು ಲಾಭಕ್ಕೆ. ಇಂದು ಹಳತನ್ನು ಹೊಸತೆಂದು ಮಾರುವುದೂ ಲಾಭಕ್ಕೆ.

ಹಳತನ್ನು ಎಂದೆವು. ಸುಮ್ಮನೆ ಎನ್ನಲಿಲ್ಲ. ನಿಕಾನ್ ಕಂಪನಿಯ ಡಿ೫೩೦೦ ಬಂದದ್ದು ೨೦೧೩ರಲ್ಲಿ. ಅದರ ಚಿತ್ರದಲ್ಲಿ ೨.೪ ಕೋಟಿ ಚುಕ್ಕೆಗಳು, ಅಂದರೆ ೨೪ ಮೆಗಾಪಿಕ್ಸೆಲ್. ಅದೇ ಕಂಪನಿಯ ಝಡ್೬ ಮೂರನೆಯ ಮಾದರಿ ಬಂದದ್ದು ೨೦೨೪ರಲ್ಲಿ, ಅದರಲ್ಲೂ ೨.೪ ಕೋಟಿ ಚಿಲ್ಲರೆ. ಹನ್ನೊಂದು ವರ್ಷದಲ್ಲಿ ಚುಕ್ಕೆ ಹೆಚ್ಚಲಿಲ್ಲವೆಂದು ನಾವು ಅಳುತ್ತಿಲ್ಲ. ಹೆಚ್ಚುವ ಅಗತ್ಯವೇ ಇರಲಿಲ್ಲ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ ೩೦೦ ಚುಕ್ಕೆ ಬೇಕೆಂದು ಲೆಕ್ಕ. ೮ ಇಂಚು, ೧೨ ಇಂಚಿನ ಚಿತ್ರವನ್ನು ಗೋಡೆಗೆ ಹಾಕಲು ೮೬ ಲಕ್ಷ ಚುಕ್ಕೆ ಸಾಕು. ನಿಮ್ಮ ಹಳೆಯ ೨.೪ ಕೋಟಿಯ ಯಂತ್ರ ೨೦ ಇಂಚು ಅಗಲದ ಚಿತ್ರ ಕೊಡುತ್ತದೆ. ಅದಕ್ಕಿಂತ ದೊಡ್ಡ ಪಟ ಹಾಕುವ ಗೋಡೆ ನಮ್ಮ ಎಷ್ಟು ಮಂದಿಯ ಮನೆಯಲ್ಲಿದೆ? ಚುಕ್ಕೆ ಎರಡು ಪಟ್ಟಾದರೆ ಚಿತ್ರದ ಉದ್ದ ಒಂದೂವರೆ ಪಟ್ಟೂ ಆಗುವುದಿಲ್ಲ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಇನ್ನು ೨೦ ಕೋಟಿ ಚುಕ್ಕೆ ಎಂದು ಎದೆ ತಟ್ಟಿಕೊಳ್ಳುವ ಮೊಬೈಲಿನವರು ಸಾಮಾನ್ಯವಾಗಿ ಹದಿನಾರು ಚುಕ್ಕೆಗಳನ್ನು ಸೇರಿಸಿ ಒಂದು ಮಾಡಿ, ಒಂದು ಕಾಲು ಕೋಟಿಯ ಚಿತ್ರವನ್ನೇ ಕೈಗಿಡುತ್ತಾರೆ! ಗಿರಣಿಯಲ್ಲಿ ನೂಲು ಎಳೆಯುವವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಳೆಗಳನ್ನು ಎಣಿಸಿ ಬಟ್ಟೆ ಕೊಳ್ಳುವವನು ಅರಳೆ ಎಂಥದೆಂದು ಕೇಳದಿದ್ದರೆ ಒಂದೇ ಒಗೆತಕ್ಕೆ ಬುದ್ಧಿ ಕಲಿಯುತ್ತಾನೆ.

ಚಿತ್ರದ ಅರಳೆ ಯಾವುದು? ಬೆಳಕು. ಇಲ್ಲಿ ಪಾಠಶಾಲೆಯ ಕ್ಷೇತ್ರಗಣಿತ ಸಾಕು. ಬೆಳಕು ಬಿದ್ದು ಚಿತ್ರವಾಗುವ ಫಲಕಕ್ಕೆ ಸೆನ್ಸರು ಎನ್ನುತ್ತಾರೆ. ನಿಮ್ಮ ಹವ್ಯಾಸಿ ಯಂತ್ರದಲ್ಲಿ ಅದರ ಅಳತೆ ೨೩.೫ಕ್ಕೆ ೧೫.೬ ಮಿಲಿಮೀಟರು ಇರಬಹುದು, ಅಥವಾ ತುಸು ಕಡಿಮೆ. ಅಂಗಡಿಯವನು ತೋರಿಸುವ ಫುಲ್ ಫ್ರೇಮ್ ಯಂತ್ರದಲ್ಲಿ ೩೬ಕ್ಕೆ ೨೪. ಗುಣಿಸಿ ನೋಡಿ: ಹೊಸ ಫಲಕ ಹಳತರ ಸುಮಾರು ೨.೪ ಪಟ್ಟು. ಅಂದರೆ ಬೋನಸ್ಸು, ಹೆಂಡತಿಯ ಉಳಿತಾಯ, ಹನ್ನೆರಡು ತಿಂಗಳ ಕಂತು ಎಲ್ಲವನ್ನೂ ಸುರಿದು ನೀವು ಪಡೆಯುವುದು ೨.೪ ಪಟ್ಟು ಬೆಳಕು.

ಈಗ ಲೆನ್ಸಿಗೆ ಬನ್ನಿ. ಯಂತ್ರದ ಜೊತೆ ಬಂದ ೧೮-೫೫ರ ಲೆನ್ಸನ್ನು ೫೫ಕ್ಕೆ ಎಳೆದರೆ ಅದರ ಕಂಡಿ ತೆರೆಯುವುದು ಎಫ್ ೫.೬ರವರೆಗೆ. ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ೫೦ ಮಿಲಿಮೀಟರಿನ ಸಾದಾ ಲೆನ್ಸು, ಹಲವು ಕಂಪನಿಗಳು ತಮ್ಮ ಪಟ್ಟಿಯ ಅತಿ ಅಗ್ಗದ ಸಾಲಿನಲ್ಲಿ ಇಟ್ಟಿರುವ ಲೆನ್ಸು, ಎಫ್ ೧.೮ರವರೆಗೆ ತೆರೆಯುತ್ತದೆ. ೫.೬ನ್ನು ೧.೮ರಿಂದ ಭಾಗಿಸಿ ವರ್ಗ ಮಾಡಿರಿ. ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು! ಬಯಲಾಟದ ರಂಗದ ಮೇಲೆ ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗ ಹಿಡಿಯುತ್ತಿದ್ದ ಚಿತ್ರವನ್ನು ಇದು ನೂರೈವತ್ತನೆಯ ಒಂದು ಭಾಗದಲ್ಲಿ ಹಿಡಿಯುತ್ತದೆ. ವೇಷಧಾರಿ ತಿರುಗುವಾಗ ಮುಖವೆಲ್ಲ ಕಲಸಿಹೋಗುತ್ತಿದ್ದುದು ಈಗ ಕಣ್ಣಿನ ಕಾಡಿಗೆ ಸಹಿತ ಮೂಡುತ್ತದೆ. ಹೊಸ ಯಂತ್ರದ ಬೆಲೆಯಲ್ಲಿ ಸಣ್ಣದೊಂದು ಪಾಲು ಕೊಟ್ಟರೆ ಹತ್ತು ಪಟ್ಟು; ಬೆಲೆಯನ್ನೆಲ್ಲ ಕೊಟ್ಟರೆ ೨.೪ ಪಟ್ಟು. ಯಾವ ಅಂಗಡಿಯವನಾದರೂ ಈ ಲೆಕ್ಕವನ್ನು ತಾನಾಗಿ ನಿಮಗೆ ಹೇಳಿದ್ದುಂಟೆ?

ಹಕ್ಕಿಯ ಚಿತ್ರ ತೆಗೆಯುವವರಿಗಂತೂ ಫುಲ್ ಫ್ರೇಮು ಒಂದು ರೀತಿಯಲ್ಲಿ ಹಿನ್ನಡೆಯೇ. ಚಿಕ್ಕ ಸೆನ್ಸರಿನ ನಿಕಾನಿನಲ್ಲಿ ೩೦೦ರ ಲೆನ್ಸು ೪೫೦ರಂತೆ ದೂರವನ್ನು ಹತ್ತಿರ ತರುತ್ತದೆ. ಯಂತ್ರ ಬದಲಿಸಿದ ದಿನ ಆ ಲಾಭ ಹೋಯಿತು. ಅದನ್ನು ಮರಳಿ ಪಡೆಯಲು ಇನ್ನೂ ಉದ್ದದ, ಇನ್ನೂ ದುಬಾರಿಯ ಲೆನ್ಸು ಬೇಕು. ನಿಮ್ಮ ಹಳೆಯ ಲೆನ್ಸುಗಳನ್ನು ೨.೪ ಕೋಟಿ ಚುಕ್ಕೆಯ ಹೊಸ ಯಂತ್ರಕ್ಕೆ ಹಾಕಿದರೆ ಅದು ಅಂಚುಗಳನ್ನು ಕತ್ತರಿಸಿ ಒಂದು ಕೋಟಿ ಚುಕ್ಕೆಯ ಚಿತ್ರ ಕೊಡುತ್ತದೆ. ಮನೆ ಕೊಂಡ ಮೇಲೆ ಬಾಗಿಲು ಕಿಟಕಿಗೆ ಬೇರೆ ಹಣ ಕೇಳುವ ವ್ಯಾಪಾರವಿದು.

ಇನ್ನು ಆ ಬಡ್ಡಿಯಿಲ್ಲದ ಕಂತು. ಸಾಲ ಉಂಟು, ಬಡ್ಡಿ ಇಲ್ಲ ಎಂದರೆ ನಮ್ಮ ಬಜಾರಿನ ಕಿರಾಣಿ ಹುಡುಗನೂ ನಗುತ್ತಾನೆ. ರಿಸರ್ವ್ ಬ್ಯಾಂಕು ೨೦೧೩ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಬರೆದು, ಸೊನ್ನೆ ಬಡ್ಡಿ ಎಂಬುದೇ ಇಲ್ಲದ ವಸ್ತು, ಬಡ್ಡಿಯನ್ನು ಬೇರೆ ಶುಲ್ಕದ ಹೆಸರಿನಲ್ಲಿ ಮುಚ್ಚಿಡುತ್ತಾರೆ ಎಂದು ಹೇಳಿತು. ಅಂದಿನಿಂದ ಹೆಸರು ಬದಲಾಯಿತು, "ಖರ್ಚಿಲ್ಲದ ಕಂತು" ಆಯಿತು. ರೊಕ್ಕ ಎಣಿಸಿ ಕೊಡುವವನಿಗೆ ಸಿಗುವ ರಿಯಾಯಿತಿ ಕಂತಿನವನಿಗೆ ಸಿಗುವುದಿಲ್ಲ; ಬಡ್ಡಿ ಅಲ್ಲಿ ಅಡಗಿದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಬಡ್ಡಿಯ ಮೇಲೆ, ಶುಲ್ಕದ ಮೇಲೆ ಶೇಕಡ ೧೮ರ ತೆರಿಗೆ ಬೇರೆ. ಅಂಗಡಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: "ಪೂರ್ತಿ ರೊಕ್ಕ ಈಗಲೇ ಕೊಟ್ಟರೆ ಎಷ್ಟಕ್ಕೆ ಕೊಡುತ್ತೀರಿ?" ಎರಡು ಬೆಲೆಗಳ ನಡುವಣ ಅಂತರವೇ ಇಲ್ಲದ ಆ ಬಡ್ಡಿ.

ಯಂತ್ರ ಮಾರಿದ ಮೇಲೆಯೂ ಕಂಪನಿ ನಿಮ್ಮನ್ನು ಬಿಡುವುದಿಲ್ಲ. ಲೆನ್ಸು ಕೂರುವ ಬಾಯಿಗೆ ಮೌಂಟು ಎನ್ನುತ್ತಾರೆ. ಒಬ್ಬನ ಲೆನ್ಸು ಇನ್ನೊಬ್ಬನ ಬಾಯಿಗೆ ಕೂರದಂತೆ ಪ್ರತಿಯೊಬ್ಬನೂ ಬೇರೆ ಬೇರೆ ಬೀಗ ಮಾಡಿಟ್ಟಿದ್ದಾನೆ. ಕ್ಯಾನನ್ ಕಂಪನಿ ೨೦೧೮ರಲ್ಲಿ ಆರ್‌ಎಫ್ ಎಂಬ ಹೊಸ ಬಾಯಿ ತಂದಿತು. ಚೀನಾದ ವಿಲ್‌ಟ್ರಾಕ್ಸ್ ಅದಕ್ಕೆ ಅಗ್ಗದ ಲೆನ್ಸು ಮಾಡಿ ಮಾರತೊಡಗಿದಾಗ ೨೦೨೨ರಲ್ಲಿ ಪೇಟೆಂಟಿನ ಹಕ್ಕು ಮುಂದೊಡ್ಡಿ ನಿಲ್ಲಿಸಿತು. ೨೦೨೪ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳಿಗೆ ಪರವಾನಗಿ ಕೊಟ್ಟಿತು, ಅದೂ ಚಿಕ್ಕ ಸೆನ್ಸರಿನ ಲೆನ್ಸುಗಳಿಗೆ. ಬೀಗವಿಲ್ಲದೆ ವ್ಯಾಪಾರವೇ ಸಾಗದು ಎನ್ನುವವರಿಗೆ ಉತ್ತರವೂ ಇದೆ. ಸೋನಿ ತನ್ನ ಇ ಮೌಂಟಿನ ಮೂಲ ವಿವರಗಳನ್ನು ೨೦೧೧ರಲ್ಲಿ ಶುಲ್ಕವಿಲ್ಲದೆ ಬೇರೆ ತಯಾರಕರಿಗೆ ತೆರೆಯಿತು. ಒಲಿಂಪಸ್, ಪ್ಯಾನಸಾನಿಕ್ ೨೦೦೮ರಲ್ಲಿ ಒಂದೇ ಬಾಯಿಯನ್ನು ಹಂಚಿಕೊಂಡವು. ಇವರೇನು ಧರ್ಮಛತ್ರ ನಡೆಸುತ್ತಿರಲಿಲ್ಲ. ಆದರೂ ಬಾಗಿಲು ತೆರೆದಲ್ಲಿ ಗಿರಾಕಿಗೆ ಆಯ್ಕೆ ಹೆಚ್ಚಿತು. ಹೊಸದಾಗಿ ಶುರುಮಾಡುವವರು ಮೊದಲು ವಿಚಾರಿಸಬೇಕಾದದ್ದು ಇದನ್ನೇ: ಈ ಬಾಯಿಗೆ ಎಷ್ಟು ಮಂದಿ ಲೆನ್ಸು ಮಾಡುತ್ತಾರೆ, ಹಳೆಯ ಲೆನ್ಸು ಪೇಟೆಯಲ್ಲಿ ಸಿಗುತ್ತದೆಯೆ?

ರಿಪೇರಿಯ ಕಥೆ ಇನ್ನೂ ಕೆಟ್ಟದು. ಅಮೆರಿಕದಲ್ಲಿ ನಿಕಾನ್ ೨೦೧೨ರಲ್ಲಿ ಸ್ವತಂತ್ರ ರಿಪೇರಿ ಅಂಗಡಿಗಳಿಗೆ ಬಿಡಿಭಾಗ ಮಾರುವುದನ್ನು ನಿಲ್ಲಿಸಿತು. ೨೦೨೦ರಲ್ಲಿ ತಾನೇ ಅಂಗೀಕರಿಸಿದ್ದ ರಿಪೇರಿ ಅಂಗಡಿಗಳ ವ್ಯವಸ್ಥೆಯನ್ನೂ ಮುಚ್ಚಿತು. ಕೈಕಸುಬು ಬಲ್ಲ ಸಣ್ಣ ಮನುಷ್ಯನ ಅನ್ನ ಕಸಿದು, ಗಿರಾಕಿಯನ್ನು ಮತ್ತೆ ತನ್ನ ಬಾಗಿಲಿಗೇ ಬರುವಂತೆ ಮಾಡುವುದೆಂದರೆ ಇದು. ನಮ್ಮ ಊರಿನ ಓಣಿಗಳಲ್ಲಿ ಶಟರು ಬಿಚ್ಚಿ ಜೋಡಿಸಬಲ್ಲವರು ಇನ್ನೂ ಇದ್ದಾರೆ. ಯಂತ್ರ ಕೆಟ್ಟರೆ ಹೊಸತರ ಬೆಲೆ ಕೇಳುವ ಮೊದಲು ಅವರ ಹತ್ತಿರ ಹೋಗಿರಿ.

ಹೊಸ ಯಂತ್ರಗಳಲ್ಲಿ ಏನೂ ಇಲ್ಲವೆಂದರೆ ನಾವೂ ಆ ಜಾಹೀರಾತಿನವರ ಸಾಲಿಗೇ ಸೇರುತ್ತೇವೆ. ಕನ್ನಡಿಯಿಲ್ಲದ ಈಗಿನ ಕ್ಯಾಮರಾಗಳು ಹಾರುವ ಹಕ್ಕಿಯ ಕಣ್ಣನ್ನು ತಾವೇ ಗುರುತಿಸಿ ಹಿಡಿಯುತ್ತವೆ. ಹಳೆಯವುಗಳಿಂದ ಅದು ಆಗದು. ಚಲನಚಿತ್ರ ತೆಗೆಯುವವರಿಗೂ ಅವು ಒಳ್ಳೆಯವು. ನಿಮ್ಮ ಕೆಲಸಕ್ಕೆ ಇದು ನಿಜವಾಗಿ ಅಡ್ಡಿಯಾಗಿದ್ದರೆ, ಒಳ್ಳೆಯ ಲೆನ್ಸು ಈಗಾಗಲೇ ಕೈಯಲ್ಲಿದ್ದರೆ, ಬದಲಿಸಿರಿ. ಆಗಲೂ ಎರಡು ಮೂರು ವರ್ಷ ಹಳೆಯದನ್ನು ನೋಡಿರಿ.

ಕೈಬದಲಾದ ಮಾಲು ಕೊಳ್ಳುವಾಗ ಶಟರು ಎಷ್ಟು ಸಲ ಬಿದ್ದಿದೆಯೆಂಬ ಲೆಕ್ಕ ಕೇಳಿ. ಹವ್ಯಾಸಿಗಳ ಅನೇಕ ಯಂತ್ರಗಳನ್ನು ಒಂದು ಲಕ್ಷ ಸಲಕ್ಕೆ, ಡಿ೭೨೦೦ದಂಥವನ್ನು ಒಂದೂವರೆ ಲಕ್ಷಕ್ಕೆ ಪರೀಕ್ಷಿಸಿರುತ್ತಾರೆ. ಲೆನ್ಸನ್ನು ಟಾರ್ಚಿನ ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೆ ನೋಡಿ. ಮಲೆನಾಡಿನ, ಕರಾವಳಿಯ ಮಳೆಗಾಲ ಕಂಡ ಲೆನ್ಸಿನಲ್ಲಿ ಬೂಸಲು ಸಾಮಾನ್ಯ. ನಿಕಾನಿನ ಡಿ೩೦೦೦, ಡಿ೫೦೦೦ ಸರಣಿಗಳ ಯಂತ್ರದವರು ಇನ್ನೊಂದನ್ನು ಗಮನಿಸಬೇಕು. ಅವುಗಳ ಒಳಗೆ ಫೋಕಸು ಮಾಡುವ ಮೋಟಾರಿಲ್ಲ. ೫೦ರ ಲೆನ್ಸಿನ ಹಳೆಯ ಡಿ ಮಾದರಿ ಅಗ್ಗವೆಂದು ತಂದರೆ ಕೈಯಿಂದಲೇ ತಿರುಗಿಸುತ್ತ ಕೂರಬೇಕಾದೀತು. ಜಿ ಮಾದರಿಯನ್ನು ಕೇಳಿ ಪಡೆಯಿರಿ.

ಹಕ್ಕಿಗೆ ಬೇಕಾದ ೧೫೦-೬೦೦ರಂಥ ದೊಡ್ಡ ಲೆನ್ಸು ಒಬ್ಬನ ಕೈಗೆಟುಕುವ ಮಾಲಲ್ಲ. ಎಟುಕಬೇಕಾಗಿಯೂ ಇಲ್ಲ. ಒಂದೇ ಬಾಯಿಯ ಕ್ಯಾಮರಾ ಇರುವ ಐದು ಮಂದಿ ಸೇರಿ ಒಂದನ್ನು ಕೊಳ್ಳಿರಿ. ಒಂದೊಂದು ರವಿವಾರ ಒಬ್ಬೊಬ್ಬರ ಪಾಳಿ. ಬಿಲ್ಲು ಐವರ ಹೆಸರಿನಲ್ಲೂ ಇರಲಿ. ಕೆಡವಿದವನು ರಿಪೇರಿ ಮಾಡಿಸಬೇಕೆಂದು, ಊರು ಬಿಟ್ಟು ಹೋಗುವವನ ಪಾಲನ್ನು ಉಳಿದವರು ಆಗಿನ ಬೆಲೆಗೆ ಕೊಳ್ಳಬೇಕೆಂದು ಒಂದು ಕಾಗದದ ಮೇಲೆ ಬರೆದು ಎಲ್ಲರೂ ರುಜು ಹಾಕಿರಿ. ಮಳೆಗಾಲದ ನಾಲ್ಕು ತಿಂಗಳು ಅದು ಯಾರ ಮನೆಯ ಗಾಳಿಯಾಡದ ಡಬ್ಬಿಯಲ್ಲಿ ಇರಬೇಕು, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬದಲಿಸುವವರು ಯಾರು ಎಂಬುದನ್ನೂ ಅದೇ ಕಾಗದದಲ್ಲಿ ಬರೆದಿಡುವುದು ಒಳ್ಳೆಯದು.