ಆ ಕೊನೆಯ ಕಾಲು ಸುತ್ತು ಬೇಡ ಮಾರಾಯ್ರೆ

ಕನ್ನಡದಲ್ಲಿ ಪಿಸ್ತೂಲಿನ ಮಾತು ಬಂತೆಂದರೆ ಒಂದೋ ಸಿನೆಮಾ, ಇಲ್ಲಾ ಕ್ರೈಂ ಸುದ್ದಿ. ನಾನು ಬರೀತಿರೋದು ಎರಡೂ ಅಲ್ಲ, ಅದರ ಹಿಡಿಯ ಸ್ಕ್ರೂ ಬಗ್ಗೆ. ನಗಬೇಡಿ :)

ಅಮೆರಿಕದಲ್ಲಿ ಗುರಿ ಅಭ್ಯಾಸಕ್ಕೆ ಹೋಗುವವರ ಕೈಯಲ್ಲಿ ಇವತ್ತಿಗೂ ಕಾಣುವ ಹಳೇ ಪಿಸ್ತೂಲೊಂದಿದೆ. ಜಾನ್ ಬ್ರೌನಿಂಗ್ ರೂಪಿಸಿದ್ದು. ಅಲ್ಲಿನ ಸೇನೆ 1911ರಲ್ಲಿ ಒಪ್ಪಿಕೊಂಡಿತು, ಹೆಸರೂ ಅದೇ ಆಯಿತು. ಹಿಡಿಯ ಎರಡು ಬದಿಗೆ ಒಂದೊಂದು ಮರದ ಪಟ್ಟಿ, ಪಟ್ಟಿಗೆರಡು ಸ್ಕ್ರೂ. ಮ್ಯಾಗಜೀನು ಹಿಡಿಯೊಳಗೇ ಇಳಿಯೋದರಿಂದ ಒಂದೇ ಉದ್ದ ಸ್ಕ್ರೂವನ್ನು ಆಚೆಯಿಂದೀಚೆಗೆ ತೂರಿಸುವಂತಿಲ್ಲ. ಫ್ರೇಮಿನ ಗೋಡೆಯೋ ತೆಳು. ಹಾಗಾಗಿ ಒಳಗೂ ಹೊರಗೂ ಥ್ರೆಡ್ ಇರುವ ಪುಟ್ಟ ಬುಷ್ ಒಂದನ್ನು ಆ ಗೋಡೆಗೆ ತಿರುಗಿಸಿ ಕೂರಿಸಿ, ಅದರೊಳಗೆ ಸ್ಕ್ರೂ ಹಾಕುತ್ತಾರೆ. ಅಂದರೆ ನಾಲ್ಕೈದು ಸುತ್ತು ಸಣ್ಣ ಥ್ರೆಡ್ಡಿನ ಮೇಲೆ ಎಲ್ಲಾ ನಿಂತಿದೆ.

ಈಗ ನನ್ನ ತಕರಾರು. ನಾಲ್ಕೂ ಸ್ಕ್ರೂಗಳ ಸೀಳು ಒಂದೇ ದಿಕ್ಕಿಗೆ, ಕವಾಯತಿನ ಪೊಲೀಸರ ಹಾಗೆ ನೆಟ್ಟಗೆ ನಿಲ್ಲಬೇಕು ಅನ್ನೋದು ಕೆಲವರ ಹಟ. ಫೋಟೋದಲ್ಲಿ ಚಂದ ಕಾಣುತ್ತೆ, ಒಪ್ಪಿದೆ. ಲಂಡನ್ನಿನ ಹಳೇ ಬಂದೂಕು ತಯಾರಕರ ಕೋವಿಗಳಲ್ಲೂ ಸೀಳು ಸಾಲಾಗಿಯೇ ಇರುತ್ತದಲ್ಲ ಅಂತೀರಾ? ಸ್ವಾಮಿ, ಅವರು ಸ್ಕ್ರೂವನ್ನು ಮೊದಲು ಸರಿಯಾಗಿ ಬಿಗಿದು, ಆಮೇಲೆ ಅದರ ತಲೆಯನ್ನು ಅರದಿಂದ ಉಜ್ಜಿ, ಸೀಳನ್ನು ಬೇಕಾದ ದಿಕ್ಕಿಗೆ ಕೊರೆಯುತ್ತಾರೆ. ನಾವು ಮಾಡೋದು ಉಲ್ಟಾ! ಪ್ಯಾಕೆಟಿನಲ್ಲಿ ಬಂದ ಸ್ಕ್ರೂ ಬಿಗಿಯಾದ ಮೇಲೂ ಸೀಳಿಗೋಸ್ಕರ ಇನ್ನೂ ಕಾಲು ಸುತ್ತು ತಿರುಗಿಸೋದು.

ಆ ಕಾಲು ಸುತ್ತಿಗೆ ಬೆಲೆ ಇದೆ. ಸ್ಕ್ರೂ ತಲೆಯ ಕೆಳಗೆ ಮರ ನಲುಗಿ ಬಿರುಕು ಬಿಡುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮರದ ಬದಲು ಕಂದು ಪ್ಲಾಸ್ಟಿಕ್ ಪಟ್ಟಿ ಬಂದಾಗ ತೂತಿನ ಸುತ್ತಲೇ ಒಡೆಯುತ್ತಿತ್ತಂತೆ, ಕೊನೆಗೆ ಅಲ್ಲಿ ದಪ್ಪ ಬಳೆ ಸೇರಿಸಬೇಕಾಯಿತು. ಅದಕ್ಕಿಂತ ಕೆಟ್ಟದ್ದು ಮುಂದಿನ ಸಲ ಬಿಚ್ಚುವಾಗ. ಸ್ಕ್ರೂ ಜೊತೆ ಬುಷ್ಷೂ ಕಿತ್ತು ಬರುತ್ತದೆ. ಅಲ್ಯೂಮಿನಿಯಂ ಫ್ರೇಮಾದರೆ ಥ್ರೆಡ್ಡೇ ಹೋಗಬಹುದು. ಪಟ್ಟಿ ಒಡೆದರೆ ಹೊಸದು ಸಿಗುತ್ತೆ. ಫ್ರೇಮಿನ ತೂತು ಹಾಳಾದರೆ ದಪ್ಪ ಬುಷ್ ಹುಡುಕಿಕೊಂಡು ಕಮ್ಮಾರಿಕೆ ಬಲ್ಲವನ ಮುಂದೆ ಕೂರಬೇಕು.

ಹಾಗಂತ ಸಡಿಲ ಬಿಡಿ ಅಂತಲ್ಲ. ಪಟ್ಟಿ ಅಲ್ಲಾಡಿದರೆ ಹಿಡಿತ ಪ್ರತಿ ಗುಂಡಿಗೂ ಚೂರು ಬದಲಾಗುತ್ತೆ, ಗುರಿ ಚದುರುತ್ತೆ. ಮ್ಯಾಗಜೀನು ತೆಗೆದು, ಚೇಂಬರು ಖಾಲಿಯಾ ಅಂತ ಕಣ್ಣಿಟ್ಟು ನೋಡಿ, ಬೆರಳಾಡಿಸಿಯೂ ನೋಡಿ (ಈ ಮಾತಲ್ಲಿ ಮಾತ್ರ ತಮಾಷೆ ಇಲ್ಲ), ನಾಲ್ಕನ್ನೂ ಕೈಯಲ್ಲೇ ಕೂರಿಸಿ, ಆಮೇಲೆ ಸ್ಕ್ರೂಡ್ರೈವರನ್ನು ಮುಷ್ಟಿಯಲ್ಲಲ್ಲ, ಬೆರಳ ತುದಿಯಲ್ಲಿ ಹಿಡಿದು ಒಂದೊಂದಾಗಿ ಬಿಗಿಯಿರಿ. ನಿಂತಲ್ಲಿ ನಿಲ್ಲಿಸಿ.

ಸ್ಕ್ರೂಡ್ರೈವರ್ ಅಂದೆನಲ್ಲ, ಅಡುಗೆಮನೆ ಡ್ರಾಯರಿನದು ಬೇಡ. ಅದರ ತುದಿ ಬೆಣೆಯ ಹಾಗೆ ಇಳಿಜಾರು. ಒತ್ತಿ ತಿರುಗಿಸಿದರೆ ಸೀಳಿಂದ ಮೇಲಕ್ಕೆ ಹತ್ತಿ ಜಾರಿ ಪಟ್ಟಿಗೆ ಗೀರು ಎಳೆಯುತ್ತೆ. ಬಂದೂಕು ಕೆಲಸದವರದ್ದು ಎರಡೂ ಬದಿ ಸಮಾಂತರ, ಸೀಳಿನ ತುಂಬ ಕೂರುತ್ತದೆ. ಷಟ್ಕೋನದ ತೂತಿನ ಸ್ಕ್ರೂ ಜಾರೋದಿಲ್ಲ ನಿಜ, ಆದರೆ ಅದರಲ್ಲಿ ಜಾಸ್ತಿ ಬಿಗಿದುಬಿಡೋದು ಇನ್ನೂ ಸಲೀಸು.

ಗುಂಡಿನ ಅದುರಿಗೆ ಪದೇ ಪದೇ ಸಡಿಲವಾದರೆ? ಅಂಟು ಹಾಕಲೇಬೇಕಾದರೆ ಗಟ್ಟಿ ಅಂಟು ಬುಷ್ಷಿನ ಹೊರಮೈಗೆ ಮಾತ್ರ ಇರಲಿ, ಸ್ಕ್ರೂಗೆ ಬೇಡ. ಇಲ್ಲದಿದ್ದರೆ ಬಿಚ್ಚುವಾಗ ಯಾವುದು ಮೊದಲು ಬರುತ್ತೋ ದೇವರೇ ಬಲ್ಲ. ಸ್ಕ್ರೂ ತಲೆಯ ಕೆಳಗೆ ರಬ್ಬರಿನ ಸಣ್ಣ ಓ-ರಿಂಗ್ ಹಾಕಿದರೂ ಸಾಕಾಗುತ್ತೆ. ಚಳಿಗಾಲದಲ್ಲಿ ಹೀಟರಿನ ಒಣಗಾಳಿಗೆ ಮರ ಕುಗ್ಗುತ್ತೆ, ಆಗೊಮ್ಮೆ ಮುಟ್ಟಿ ನೋಡಿ. ಸೀಳು ಯಾವ ದಿಕ್ಕಿಗಾದರೂ ನೋಡಿಕೊಳ್ಳಲಿ ಬಿಡಿ.